ಹಾದಿಯ ಮೇಲೆ ಬರೆದ ಒಂದೇ ಮಾತು

ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿಬಂದ ಭಕ್ತರು ನಮ್ಮ ನಾಡಿನಲ್ಲಿ ಲಕ್ಷಾವಧಿ ಇದ್ದಾರೆ. ತೇರನ್ನೆಳೆದು, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ, ಗದ್ದುಗೆಗೆ ನಮಸ್ಕರಿಸಿ ಅವರು ಊರಿಗೆ ಮರಳುತ್ತಾರೆ. ಆದರೆ ಅಲ್ಲಿಯ ಬೆಟ್ಟದ ಬಂಡೆಯೊಂದರ ಮೇಲಿರುವ ಬರಹವನ್ನು ನಿಂತು ನೋಡಿ ಬಂದವರು ಅವರಲ್ಲಿ ಕೆಲವರೇ ಸರಿ. ಆ ಬರಹವು ಮೌರ್ಯ ಚಕ್ರವರ್ತಿ ಅಶೋಕನದು. ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಸೇರಿದುದು. ಅದೇ ಊರಿನ ಪಾಲ್ಕಿಗುಂಡುವಿನಲ್ಲಿ ಅದೇ ಅರಸನ ಇನ್ನೊಂದು ಶಾಸನವಿದೆ. ಇವೆರಡೂ ವಿದ್ವಾಂಸರ ಗಮನಕ್ಕೆ ಬಂದದ್ದು ೧೯೩೧ರಲ್ಲಿ. ಇದಕ್ಕೂ ಮೊದಲು, ೧೮೯೨ರಲ್ಲಿ, ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಇಂಥವೇ ಶಾಸನಗಳನ್ನು ಕಂಡುಹಿಡಿದಿದ್ದರು. ೧೯೧೫ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಸ್ಪಷ್ಟವಾಗಿ ಕಂಡುಬಂದುದರಿಂದ, ಶಾಸನಗಳಲ್ಲಿ 'ದೇವಾನಾಂಪ್ರಿಯ'ನೆಂದು ಕರೆದುಕೊಂಡ ಅರಸನು ಅಶೋಕನೇ ಎಂಬ ಮಾತು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಿರವಾಯಿತು. ಆ ಕೀರ್ತಿ ನಮ್ಮ ಕನ್ನಡ ನೆಲದ ಒಂದು ಬಂಡೆಗೆ ಸಲ್ಲುತ್ತದೆ.

ಈ ಬಂಡೆಗಳ ಮೇಲೆ ಏನಿದೆ? ದಂಡಯಾತ್ರೆಯ ವರ್ಣನೆಯಿಲ್ಲ; ವಂಶಾವಳಿಯಿಲ್ಲ; ದತ್ತಿ ಉಂಬಳಿಗಳ ವಿವರವಿಲ್ಲ. ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಸರಳವಾದ ಧರ್ಮವು ಬ್ರಹ್ಮಗಿರಿಯ ಬಂಡೆಯ ಮೇಲಿದೆ. ಜನರು ಓಡಾಡುವ ಎಡೆಯಲ್ಲಿ, ಎಲ್ಲರಿಗೂ ಕಾಣುವಂತೆ, ಒಳ್ಳೆಯ ಮಾತನ್ನು ಬರೆದಿಡುವ ಪದ್ಧತಿಗೆ ನಮ್ಮ ದೇಶದಲ್ಲಿ ದೊರೆಯುವ ಅತಿ ಪ್ರಾಚೀನವಾದ ಸಾಕ್ಷ್ಯಗಳಲ್ಲಿ ಇವು ಸೇರಿವೆ. ಓದುಬಲ್ಲವರು ಅಂದು ವಿರಳ. ಆದುದರಿಂದಲೇ ಕಳಿಂಗದ ಧೌಲಿ ಮತ್ತು ಜೌಗಡಗಳ ಶಾಸನಗಳಲ್ಲಿ, ಗೊತ್ತಾದ ನಕ್ಷತ್ರದ ದಿನಗಳಂದು ಇವನ್ನು ಜನರ ಮುಂದೆ ಓದಿ ಕೇಳಿಸಬೇಕೆಂಬ ಆಜ್ಞೆಯೂ ಸೇರಿದೆ.

ನಾವು ವಿಶ್ವವಿದ್ಯಾಲಯದಲ್ಲಿ ಇತಿಹಾಸವನ್ನು ಅಭ್ಯಸಿಸುತ್ತಿದ್ದ ಕಾಲದಲ್ಲಿ ಈ ಶಾಸನಗಳನ್ನು ಕುರಿತು ಒಂದು ಸಂಗತಿ ನಮ್ಮನ್ನು ಬಹುವಾಗಿ ಕಾಡಿತು. ಕಲ್ಲು ಉಳಿಯಿತು; ಮಾತು ಉಳಿಯಲಿಲ್ಲ. ಬ್ರಾಹ್ಮೀ ಲಿಪಿಯನ್ನು ಜನ ಮರೆತರು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಿ ಬಿಡಿಸುವವರೆಗೆ, ಶತಮಾನ ಶತಮಾನಗಳ ಕಾಲ, ಚಕ್ರವರ್ತಿಯ ಧರ್ಮವಾಣಿ ಬರಿಯ ಗೀರುಗಳಾಗಿ ನಿಂತಿತ್ತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ೧೯೮೦ರ ದಶಕದಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದ ಚಪ್ಪಡಿಯಂತೂ ಗುಡಿಯೊಂದರಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು. ಪೀಠ ಮಾಡಿದವರ ತಪ್ಪೇನೂ ಇಲ್ಲ. ಅದರ ಮೇಲಿರುವುದು ಮಾತೆಂದು ಅವರಿಗೆ ತಿಳಿಯುವ ಬಗೆಯೇ ಇರಲಿಲ್ಲ. ಹಾಗಾದರೆ ಬೀದಿಯಲ್ಲಿ ಬರೆದ ಮಾತನ್ನು ಉಳಿಸುವುದು ಯಾವುದು? ಕಲ್ಲಲ್ಲವೆಂದ ಮೇಲೆ ಮತ್ತೇನು? ಈ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಬಹುಕಾಲ ಹಾಗೆಯೇ ಉಳಿದಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಸಾದನಿಲಯದಲ್ಲಿ ಓದಿ ಈಗ ಆಸ್ಟ್ರೇಲಿಯಾ ದೇಶದಲ್ಲಿ ಉದ್ಯೋಗದಲ್ಲಿರುವ ಭಕ್ತರೊಬ್ಬರು ಮಠಕ್ಕೆ ಬಂದಾಗ ಒಂದು ಪುಸ್ತಕವನ್ನು ತಂದುಕೊಟ್ಟರು. ಸಿಡ್ನಿ ನಗರದ ಕಾಲುದಾರಿಗಳ ಮೇಲೆ ಮೂವತ್ತೈದು ವರ್ಷ ಒಂದೇ ಒಂದು ಪದವನ್ನು ಸೀಮೆಸುಣ್ಣದಿಂದ ಬರೆಯುತ್ತಾ ಹೋದ ಆರ್ಥರ್ ಸ್ಟೇಸ್ ಎಂಬಾತನ ಜೀವನಚರಿತ್ರೆ ಅದು. ರಾಯ್ ವಿಲಿಯಮ್ಸ್ ಮತ್ತು ಎಲಿಜಬೆತ್ ಮೇಯರ್ಸ್ ಬರೆದದ್ದು; ೨೦೧೭ರಲ್ಲಿ ಪ್ರಕಟವಾದದ್ದು. ಅಶೋಕನ ಬಂಡೆಯ ಮುಂದೆ ನಿಂತು ನಾವು ಕೇಳಿಕೊಂಡ ಪ್ರಶ್ನೆಗೆ ಸಂಬಂಧಿಸಿದ ಒಂದು ಉತ್ತರ, ನಾವು ಎಂದೂ ನಿರೀಕ್ಷಿಸದಿದ್ದ ಕಡಲಾಚೆಯ ನಾಡಿನಿಂದ ಬಂದಿತು. ಆದುದರಿಂದ ಆ ಚರಿತ್ರೆಯನ್ನು ವಾಚಕರ ಮುಂದೆ ಕೊಂಚ ವಿವರವಾಗಿಯೇ ಇಡುತ್ತೇವೆ.

ಆರ್ಥರ್ ಸ್ಟೇಸ್ ಹುಟ್ಟಿದ್ದು ೧೮೮೫ರಲ್ಲಿ, ಸಿಡ್ನಿಯ ರೆಡ್‌ಫರ್ನ್ ಎಂಬ ಬಡವರ ಕೇರಿಯಲ್ಲಿ. ತಂದೆ ಮಾರಿಷಸ್ ದ್ವೀಪದಿಂದ ಬಂದ ಕೂಲಿಗಾರ. ತಂದೆತಾಯಿಗಳಿಬ್ಬರೂ ಕುಡಿತಕ್ಕೆ ಬಲಿಯಾದವರು. ಅಣ್ಣತಮ್ಮಂದಿರು ಅಕ್ಕತಂಗಿಯರಲ್ಲಿಯೂ ಹಲವರು ಅದೇ ಹಾದಿ ಹಿಡಿದವರು. ಹಸಿವಾದಾಗ ತಿನ್ನಲು ಏನಾದರೂ ಕದ್ದು ತರುವುದು, ರಾತ್ರಿ ಗೋಣಿತಾಟಿನ ಮೇಲೆ ಮಲಗುವುದು, ಇದು ಆ ಮಗುವಿನ ಬಾಲ್ಯ. ಹನ್ನೆರಡನೆಯ ವಯಸ್ಸಿಗೆ ಸರಕಾರವೇ ಆತನ ಪಾಲನೆಯನ್ನು ವಹಿಸಿಕೊಳ್ಳಬೇಕಾಯಿತು. ಶಾಲೆಯ ಓದು ಹೆಸರಿಗೆ ಮಾತ್ರ. ಹದಿನಾಲ್ಕನೆಯ ವಯಸ್ಸಿಗೆ ಕಲ್ಲಿದ್ದಲ ಗಣಿಯ ಕೂಲಿ. ಹದಿನೈದಕ್ಕೆ, ಕುಡಿದು ಬಿದ್ದ ಅಪರಾಧಕ್ಕಾಗಿ, ಮೊದಲ ಸೆರೆಮನೆವಾಸ. ಮುಂದೆ ಜೂಜಿನ ಅಡ್ಡೆಗಳಿಗೆ ಪೋಲೀಸರು ಬರುವುದನ್ನು ಕಾಯುವ ಕಾವಲುಗಾರನಾಗಿ, ಸೂಳೆಗೇರಿಗಳಿಗೆ ಹೆಂಡ ಹೊತ್ತು ಕೊಡುವವನಾಗಿ ಆತನ ಯೌವನ ಕಳೆಯಿತು.

೧೯೧೬ರಲ್ಲಿ ಸ್ಟೇಸ್ ಸೈನ್ಯಕ್ಕೆ ಸೇರಿದನು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ತರುವುದು ಆತನ ಕೆಲಸವಾಗಿತ್ತು. ಶ್ವಾಸಕೋಶದ ಕಾಯಿಲೆಗೆ ತುತ್ತಾಗಿ ಊರಿಗೆ ಮರಳಿದ ಆತನನ್ನು ೧೯೧೯ರಲ್ಲಿ ಸೇವೆಗೆ ಅನರ್ಹನೆಂದು ಬಿಡುಗಡೆ ಮಾಡಿದರು. ಮತ್ತೆ ಅದೇ ಕುಡಿತ, ಅದೇ ಬೀದಿ. ಇಷ್ಟರಲ್ಲಿ ಜಗತ್ತನ್ನೆಲ್ಲ ವ್ಯಾಪಿಸಿದ ಆರ್ಥಿಕ ಮುಗ್ಗಟ್ಟು ಆಸ್ಟ್ರೇಲಿಯಾವನ್ನೂ ಬಡಿಯಿತು. ಕೆಲಸವಿಲ್ಲದ ಜನ ಊಟಕ್ಕಾಗಿ ಸಾಲುಗಟ್ಟಿ ನಿಲ್ಲುವ ಕಾಲ ಬಂದಿತು. ಆ ಸಾಲುಗಳಲ್ಲಿ ಸ್ಟೇಸ್ ಎಂಬ ನಲವತ್ತೈದು ವರ್ಷದ ಕುಡುಕನೂ ಒಬ್ಬನಾಗಿದ್ದನು.

೧೯೩೦ರ ಆಗಸ್ಟ್ ತಿಂಗಳ ಒಂದು ಸಂಜೆ ಬ್ರಾಡ್‌ವೇ ಬೀದಿಯ ಸಂತ ಬಾರ್ನಬಸ್ ಇಗರ್ಜಿಯಲ್ಲಿ ಆರ್. ಬಿ. ಎಸ್. ಹ್ಯಾಮಂಡ್ ಎಂಬ ಪಾದ್ರಿಗಳು ಗತಿಯಿಲ್ಲದ ಗಂಡಸರಿಗಾಗಿ ಸಭೆಯೊಂದನ್ನು ನಡೆಸಿದ್ದರು. ಉಪದೇಶ ಕೇಳಿದವರಿಗೆ ಕೊನೆಯಲ್ಲಿ ಚಹಾ ಮತ್ತು ತಿನಿಸು ದೊರೆಯುತ್ತಿತ್ತು. ಸ್ಟೇಸ್ ಹೋದದ್ದು ಆ ತಿನಿಸಿಗಾಗಿಯೇ. ಇದನ್ನು ಆತನು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಆ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಶುಭ್ರವಾದ ಬಟ್ಟೆ ತೊಟ್ಟು ಶಾಂತರಾಗಿ ಕುಳಿತಿದ್ದ ಕೆಲವರನ್ನೂ, ಹಿಂದೆ ಕುಳಿತಿದ್ದ ತನ್ನಂಥ ನೂರಾರು ಮಂದಿಯನ್ನೂ ನೋಡಿ ಆತನ ಮನಸ್ಸಿನಲ್ಲಿ ಏನೋ ಕಲಕಿತು. ಹೊರಗೆ ಬಂದು ಹತ್ತಿರದ ಉದ್ಯಾನದಲ್ಲಿ ಮರದ ಕೆಳಗೆ ಮೊಣಕಾಲೂರಿ ಅತ್ತನು. ಅಂದಿನಿಂದ ಕುಡಿತವನ್ನು ಬಿಟ್ಟನು. ಇಂಥ ಪರಿವರ್ತನೆಗಳನ್ನು ಕುರಿತು ಸಂದೇಹಪಡುವವರು ಇರುತ್ತಾರೆ; ಸಂದೇಹಪಡಬಾರದೆಂದು ನಾವು ಹೇಳುವುದಿಲ್ಲ. ಆದರೆ ಒಂದು ದಿನದ ಕಣ್ಣೀರಿಗೆ ಮೂವತ್ತೇಳು ವರ್ಷಗಳ ನಡತೆಯು ಸಾಕ್ಷಿಯಾಗಿ ನಿಂತರೆ, ಇತಿಹಾಸಕಾರನಾದವನು ಆ ಸಾಕ್ಷ್ಯವನ್ನು ಮನ್ನಿಸಲೇಬೇಕಾಗುತ್ತದೆ.

ಎರಡು ವರ್ಷಗಳ ಬಳಿಕ, ೧೯೩೨ರ ನವೆಂಬರ್ ೧೪ರಂದು, ಡಾರ್ಲಿಂಗ್‌ಹರ್ಸ್ಟ್ ಬಡಾವಣೆಯ ಬರ್ಟನ್ ಬೀದಿಯ ಬ್ಯಾಪ್ಟಿಸ್ಟ್ ಪ್ರಾರ್ಥನಾಮಂದಿರದಲ್ಲಿ ಜಾನ್ ರಿಡ್ಲಿ ಎಂಬ ಪ್ರಚಾರಕರ ಪ್ರವಚನ ನಡೆಯಿತು. ಅವರೂ ಮಹಾಯುದ್ಧದಲ್ಲಿ ಹೋರಾಡಿ ಶೌರ್ಯಪದಕ ಪಡೆದವರು. ಅಂದು ಅವರು ಆರಿಸಿಕೊಂಡ ವಿಷಯ ನಿತ್ಯತೆ. ಇಂಗ್ಲಿಷಿನಲ್ಲಿ ಅದಕ್ಕೆ 'ಎಟರ್ನಿಟಿ' ಎನ್ನುತ್ತಾರೆ. ಆದಿಯಂತ್ಯಗಳಿಲ್ಲದ ಕಾಲ ಎಂದರ್ಥ. ಈ ಪದವನ್ನು ಸಿಡ್ನಿಯ ಬೀದಿಬೀದಿಗಳಲ್ಲಿ ಕೂಗಿ ಹೇಳಬೇಕೆನಿಸುತ್ತದೆ ಎಂಬ ಅಭಿಪ್ರಾಯದ ಮಾತು ಅವರ ಬಾಯಿಂದ ಬಂದಿತು. ಸಭೆ ಮುಗಿಸಿ ಹೊರಬಂದ ಸ್ಟೇಸನ ಕಿಸೆಯಲ್ಲಿ ಹೇಗೋ ಒಂದು ತುಂಡು ಸೀಮೆಸುಣ್ಣವಿತ್ತು. ಆತನು ಅಲ್ಲಿಯೇ ಬಗ್ಗಿ ನೆಲದ ಮೇಲೆ ಆ ಪದವನ್ನು ಬರೆದನು.

ಅಕ್ಷರಗಳನ್ನು ಕುರಿತು ಇಲ್ಲಿ ಒಂದು ಮಾತು. ಸ್ಟೇಸ್ ಬರೆಯುತ್ತಿದ್ದುದು ಹಿಂದಿನ ಕಾಲದ ಇಂಗ್ಲಿಷ್ ಕಾಪಿಪುಸ್ತಕಗಳಲ್ಲಿ ಕಾಣುವ 'ಕಾಪರ್‌ಪ್ಲೇಟ್' ಎಂಬ ಓರೆಯಾದ, ಒಂದಕ್ಕೊಂದು ಕೂಡಿಕೊಂಡ ಚೆಲುವಾದ ಬರವಣಿಗೆ. ಮೊದಲಕ್ಷರವು ಬಳ್ಳಿಯಂತೆ ಬಳುಕಿ ಏಳುತ್ತದೆ. ಕೊನೆಯ ಅಕ್ಷರದ ಬಾಲವು ಹಿಂದಕ್ಕೆ ತಿರುಗಿ ಇಡೀ ಪದದ ಅಡಿಗೆ ಗೆರೆಯೆಳೆದಂತೆ ಹರಿಯುತ್ತದೆ. ತನ್ನ ಹೆಸರನ್ನೇ ನೆಟ್ಟಗೆ ಬರೆಯಲಾರದ ತನಗೆ ಆ ಪದ ಮಾತ್ರ ಮೊದಲ ದಿನವೇ ಅಷ್ಟು ಅಂದವಾಗಿ ಬಂದಿತೆಂದೂ, ಬೇರೆ ಪದಗಳು ಎಷ್ಟು ಯತ್ನಿಸಿದರೂ ಹಾಗೆ ಬರಲಿಲ್ಲವೆಂದೂ ಆತನೇ ಹೇಳಿದ್ದಾನೆ. ಇದನ್ನು ಪವಾಡವೆಂದು ಸಾರಲು ನಮಗೆ ಆತುರವಿಲ್ಲ. ಮೊದಲ ದಿನದ ಬರಹಕ್ಕೆ ಸಾಕ್ಷಿ ಆತನೊಬ್ಬನೇ. ಒಂದೇ ಪದವನ್ನು ಲಕ್ಷ ಸಲ ಬರೆದ ಕೈಯಲ್ಲಿ ಆ ಪದ ಚೆಲುವಾಗುವುದರಲ್ಲಿ ಸೋಜಿಗವೂ ಇಲ್ಲ. ಸೋಜಿಗವಿರುವುದು ಲಕ್ಷ ಸಲ ಬರೆದದ್ದರಲ್ಲಿ.

ಆತನ ದಿನಚರಿ ಒಬ್ಬ ಅನುಷ್ಠಾನನಿಷ್ಠನ ದಿನಚರಿಯಂತಿತ್ತು. ನಸುಕಿಗೆ ಮೊದಲೇ ಎದ್ದು ಪ್ರಾರ್ಥನೆ. ಬಳಿಕ ಇನ್ನೂ ಕತ್ತಲಿರುವಾಗಲೇ, ಸುಮಾರು ಐದು ಗಂಟೆಗೆ, ಮನೆಯಿಂದ ಹೊರಡುವುದು. ಇಂದು ಯಾವ ಬೀದಿಯೆಂಬುದು ಪ್ರಾರ್ಥನೆಯಲ್ಲಿ ತನಗೆ ತಿಳಿಯುತ್ತದೆಂಬುದು ಆತನ ನಂಬಿಕೆ. ವಿನ್ಯಾರ್ಡ್, ಗ್ಲೀಬ್, ಪ್ಯಾಡಿಂಗ್‌ಟನ್, ರ‍್ಯಾಂಡ್‌ವಿಕ್, ನಗರದ ಮುಖ್ಯ ರೈಲ್ವೆ ನಿಲ್ದಾಣ, ಹೀಗೆ ದಿನಕ್ಕೊಂದು ದಿಕ್ಕು. ನಡೆಯುತ್ತಾ ನಡೆಯುತ್ತಾ ಸ್ವಲ್ಪ ದೂರಕ್ಕೊಮ್ಮೆ ಬಗ್ಗಿ ಪದವನ್ನು ಬರೆಯುವುದು. ಜನಸಂಚಾರ ಹೆಚ್ಚುವ ಹೊತ್ತಿಗೆ ಮನೆ ಸೇರುವುದು. ಮೊದಮೊದಲು ಹಳದಿ ಸೀಮೆಸುಣ್ಣ. ಮಳೆಗೆ ಅದು ಬೇಗ ಅಳಿಯುವುದೆಂದು ಮುಂದೆ ಮೇಣದ ಬಣ್ಣದ ಕಡ್ಡಿ. ೧೯೩೨ರಿಂದ ೧೯೬೭ರಲ್ಲಿ ಸಾಯುವ ತನಕ ಆತನು ಈ ಪದವನ್ನು ಸುಮಾರು ಐದು ಲಕ್ಷ ಸಲ ಬರೆದಿರಬೇಕೆಂದು ಅಂದಾಜು. ಎಣಿಸಿದವರು ಯಾರೂ ಇಲ್ಲ. ದಿನಕ್ಕೆ ಐವತ್ತರಂತೆ ಲೆಕ್ಕ ಹಾಕಿ ಹೇಳಿದ ಸಂಖ್ಯೆಯಿದು. ಅರ್ಧಕ್ಕೆ ಇಳಿಸಿದರೂ ಅದು ಸಣ್ಣ ಸಂಖ್ಯೆಯಲ್ಲ.

ಇತರ ವಾಕ್ಯಗಳನ್ನೂ ಆತನು ಪ್ರಯತ್ನಿಸದೆ ಇರಲಿಲ್ಲ. ದೇವರ ಆಜ್ಞೆಯನ್ನು ಪಾಲಿಸಿರಿ ಎಂಬ ಅರ್ಥದ ಮಾತನ್ನು ಕೆಲಕಾಲ ಬರೆದದ್ದುಂಟು. ಆದರೆ ಒಂದೇ ಪದವು ಜನರನ್ನು ನಿಲ್ಲಿಸಿ ಯೋಚಿಸುವಂತೆ ಮಾಡುತ್ತದೆಂದು ಕಂಡುಕೊಂಡು ಅದಕ್ಕೇ ಮರಳಿದನು. ಇದರಲ್ಲಿ ದೊಡ್ಡ ವಿವೇಕವಿದೆಯೆಂದು ನಮಗೆ ತೋರುತ್ತದೆ. ಆಜ್ಞೆ ಮಾಡುವ ವಾಕ್ಯವನ್ನು ಓದಿದವನು ಒಪ್ಪುತ್ತಾನೆ, ಇಲ್ಲವೆ ತಳ್ಳಿಹಾಕುತ್ತಾನೆ. ಎರಡರಲ್ಲಿಯೂ ಅವನ ಕೆಲಸ ಅಲ್ಲಿಗೆ ಮುಗಿಯಿತು. ಕೆಲಸ ಹುಡುಕುತ್ತಾ ಹೊರಟ ನಿರುದ್ಯೋಗಿಯೂ, ಕಚೇರಿಗೆ ಧಾವಿಸುವ ಗುಮಾಸ್ತನೂ, ರಾತ್ರಿಪಾಳಿ ಮುಗಿಸಿ ಮನೆಗೆ ಮರಳುವ ದಾದಿಯೂ ಕಾಲಬುಡದಲ್ಲಿ 'ನಿತ್ಯ' ಎಂಬ ಪದವನ್ನು ಕಂಡಾಗ ವಾಕ್ಯವನ್ನು ತಾವೇ ಪೂರ್ಣಗೊಳಿಸಿಕೊಳ್ಳಬೇಕಾಗಿತ್ತು. ನಿತ್ಯವಾದುದು ಯಾವುದು? ತಾನು ಹಿಂಬಾಲಿಸಿ ಓಡುತ್ತಿರುವುದು ನಿತ್ಯವೇ? ಕೇಳುವವರು ಬೇರೊಬ್ಬರಿಲ್ಲ; ಕೇಳಿಕೊಂಡವನು ತಾನೇ.

ಆದರೆ ಆ ಬರಹ ಕಾನೂನಿಗೆ ವಿರುದ್ಧವಾಗಿತ್ತೆಂಬುದನ್ನೂ ಹೇಳಬೇಕು. ಕಾಲುದಾರಿಯನ್ನು ಬರೆದು ಕೆಡಿಸಬಾರದೆಂಬ ನಿಯಮ ಆ ನಗರದಲ್ಲಿತ್ತು. ಪೋಲೀಸರು ಆತನನ್ನು ತಡೆದು ಬಂಧಿಸಲು ಮುಂದಾದ ಪ್ರಸಂಗಗಳು ಒಂದೆರಡಲ್ಲ. ಇಪ್ಪತ್ತನಾಲ್ಕು ಸಲ ಹಾಗಾಯಿತೆಂಬ ಮಾತಿದೆ. ನಗರದ ಗೋಡೆ ನೆಲಗಳು ಎಲ್ಲರ ಆಸ್ತಿ. ಒಬ್ಬನು ಒಳ್ಳೆಯ ಮಾತೆಂದು ಬರೆದುದನ್ನು ಸಹಿಸಿದರೆ ನಾಳೆ ಇನ್ನೊಬ್ಬನು ಕೆಟ್ಟ ಮಾತನ್ನು ಬರೆದಾಗ ಏನೆಂದು ತಡೆಯುವುದು? ಈ ವಾದವನ್ನು ಹಗುರವಾಗಿ ಕಾಣಲಾಗದು. ಸ್ಟೇಸನ ಪರವಾಗಿ ಹೇಳಬಹುದಾದುದು ಇಷ್ಟೇ: ಆತನು ಮಳೆಗೆ ಅಳಿದುಹೋಗುವ ವಸ್ತುವಿನಲ್ಲಿ ಬರೆದನು, ಯಾರ ಗೋಡೆಯನ್ನೂ ಕೆಡಿಸದೆ ತುಳಿಯುವ ನೆಲದ ಮೇಲೆ ಬರೆದನು, ಯಾರನ್ನೂ ಹಳಿಯಲಿಲ್ಲ, ಏನನ್ನೂ ಮಾರಲಿಲ್ಲ, ಯಾರಿಂದಲೂ ಏನನ್ನೂ ಬೇಡಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಹೆಸರನ್ನು ಬರೆಯಲಿಲ್ಲ.

ಇಪ್ಪತ್ತನಾಲ್ಕು ವರ್ಷ ಆ ನಗರಕ್ಕೆ ಬರೆಯುವವನು ಯಾರೆಂದು ತಿಳಿಯಲಿಲ್ಲ. ಪತ್ರಿಕೆಗಳಲ್ಲಿ ಊಹಾಪೋಹಗಳು ನಡೆದವು. ಸ್ಟೇಸ್ ಬರ್ಟನ್ ಬೀದಿಯ ಆ ಪ್ರಾರ್ಥನಾಮಂದಿರದಲ್ಲಿಯೇ ಕಸಗುಡಿಸುವ ಕೆಲಸ ಮಾಡುತ್ತಿದ್ದನು. ಶನಿವಾರ ರಾತ್ರಿ ಜಾರ್ಜ್ ಮತ್ತು ಬ್ಯಾಥರ್ಸ್ಟ್ ಬೀದಿಗಳು ಕೂಡುವ ಮೂಲೆಯಲ್ಲಿ ನಿಂತು ಜನರಿಗೆ ಉಪದೇಶವನ್ನೂ ಮಾಡುತ್ತಿದ್ದನು. ಆದರೂ ಯಾರೂ ಗುರುತಿಸಲಿಲ್ಲ. ೧೯೪೨ರಲ್ಲಿ ಆತನನ್ನು ವಿವಾಹವಾದ ಪರ್ಲ್ ಎಂಬ ಸಾಧ್ವಿಗೆ ಮಾತ್ರ ಈ ಗುಟ್ಟು ಗೊತ್ತಿತ್ತು. ೧೯೫೬ರಲ್ಲಿ ಆ ಮಂದಿರದ ಪಾದ್ರಿಗಳಾಗಿದ್ದ ಲೈಲ್ ಥಾಂಪ್ಸನ್ ಅವರು, ತಮ್ಮ ಮಂದಿರದ ಜಾಡಮಾಲಿಯು ಕಿಸೆಯಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಬರೆಯುವುದನ್ನು ಅಕಸ್ಮಾತ್ತಾಗಿ ಕಂಡರು. ಆ ಪದವನ್ನು ಬರೆಯುವವನು ನೀನೇನೋ ಎಂದು ಕೇಳಿದಾಗ ಆತನು ತಪ್ಪೊಪ್ಪಿಕೊಳ್ಳುವವನಂತೆ ಒಪ್ಪಿಕೊಂಡನು. ಅದೇ ವರ್ಷದ ಜೂನ್ ತಿಂಗಳಲ್ಲಿ ಪತ್ರಿಕೆಯ ಮೂಲಕ ಸಂಗತಿ ಬಹಿರಂಗವಾಯಿತು. ೧೯೬೩ರಲ್ಲಿ ಪತ್ರಿಕಾ ಛಾಯಾಗ್ರಾಹಕರೊಬ್ಬರು, ಟೋಪಿ ಕೋಟುಗಳನ್ನು ಧರಿಸಿ ಬಗ್ಗಿ ಬರೆಯುತ್ತಿರುವ ಆ ಮುದುಕನ ಚಿತ್ರಗಳನ್ನು ತೆಗೆದರು. ಆತನ ಚಿತ್ರಗಳೇ ಬಹು ವಿರಳ.

ಹೆಸರು ಬಯಲಾದ ಮೇಲೆ ಆತನು ಬದಲಾದನೇ? ಇಲ್ಲ. ಅದೇ ನಸುಕು, ಅದೇ ಬೀದಿ, ಅದೇ ಪದ. ೧೯೬೧ರಲ್ಲಿ ಪತ್ನಿ ತೀರಿಕೊಂಡಳು. ೧೯೬೫ರಲ್ಲಿ ಆತನು ಹ್ಯಾಮಂಡ್‌ವಿಲ್ಲಿನ ವೃದ್ಧಾಶ್ರಮವನ್ನು ಸೇರಿದನು. ತಿನಿಸಿನ ಆಸೆ ತೋರಿಸಿ ಆತನನ್ನು ಸಭೆಗೆ ಬರಮಾಡಿಕೊಂಡ ಆ ಹ್ಯಾಮಂಡ್ ಪಾದ್ರಿಗಳೇ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಮನೆಯಿಲ್ಲದ ಕುಟುಂಬಗಳಿಗಾಗಿ ಕಟ್ಟಿಸಿದ ವಸತಿ ಅದು. ೧೯೬೭ರ ಜುಲೈ ೩೦ರಂದು ಸ್ಟೇಸ್ ಕಣ್ಮುಚ್ಚಿದನು. ದೇಹವನ್ನು ವೈದ್ಯಕೀಯ ವ್ಯಾಸಂಗಕ್ಕಾಗಿ ಸಿಡ್ನಿ ವಿಶ್ವವಿದ್ಯಾಲಯಕ್ಕೆ ಕೊಡಬೇಕೆಂದು ಮೊದಲೇ ಬರೆದಿಟ್ಟಿದ್ದನು. ಅಸ್ಥಿಗಳಿಗೆ ಮಣ್ಣು ದೊರೆತದ್ದು ಎರಡು ವರ್ಷಗಳ ಬಳಿಕ.

ಸೀಮೆಸುಣ್ಣದ ಪದಗಳು ಮಳೆಗೆ, ಪೊರಕೆಗೆ, ಜನರ ಕಾಲ್ತುಳಿತಕ್ಕೆ ಅಳಿದುಹೋದವು. ಸ್ಥಳದಲ್ಲಿಯೇ ಉಳಿದುಕೊಂಡ ಬರಹವೆಂದರೆ ನಗರದ ದೊಡ್ಡ ಅಂಚೆ ಕಚೇರಿಯ ಗೋಪುರದ ಗಂಟೆಯ ಒಳಮೈಯಲ್ಲಿರುವುದು. ೧೯೪೨ರಲ್ಲಿ ಯುದ್ಧಭಯದಿಂದ ಕಳಚಿಟ್ಟಿದ್ದ ಆ ಗೋಪುರವನ್ನು ೧೯೬೦ರ ದಶಕದಲ್ಲಿ ಮತ್ತೆ ಕಟ್ಟುವಾಗ, ಗಂಟೆಯ ಒಳಗೆ ಆ ಪದವಿರುವುದು ಕೆಲಸಗಾರರ ಕಣ್ಣಿಗೆ ಬಿದ್ದಿತು. ಸ್ಟೇಸ್ ರಟ್ಟಿನ ಮೇಲೆ ಬರೆದು ಪರಿಚಿತರಿಗೆ ಕೊಟ್ಟ ಇನ್ನೊಂದು ಬರಹವು ಆಸ್ಟ್ರೇಲಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಐದು ಲಕ್ಷದಲ್ಲಿ ಉಳಿದದ್ದು ಇಷ್ಟು.

ಆದರೆ ಪದ ಅಳಿಯಲಿಲ್ಲ. ೧೯೭೭ರಲ್ಲಿ ಸಿಡ್ನಿ ಚೌಕವನ್ನು ರೂಪಿಸಿದ ವಾಸ್ತುಶಿಲ್ಪಿ ರಿಡ್ಲಿ ಸ್ಮಿತ್ ಅಲ್ಲಿಯ ನೆಲಗಟ್ಟಿನಲ್ಲಿ ಅದೇ ಬರವಣಿಗೆಯ ಅಲ್ಯೂಮಿನಿಯಂ ಅಕ್ಷರಗಳನ್ನು ಕೂರಿಸಿದರು. ಅವರ ತಂದೆತಾಯಿಗಳು ಅವರಿಗೆ ಹೆಸರಿಟ್ಟಿದ್ದು ಆ ಪ್ರಚಾರಕ ಜಾನ್ ರಿಡ್ಲಿಯವರ ನೆನಪಿನಲ್ಲಿ. ಮಾರ್ಟಿನ್ ಶಾರ್ಪ್ ಎಂಬ ಹೆಸರಾಂತ ಚಿತ್ರಕಾರರು ಅದನ್ನು ತಮ್ಮ ಚಿತ್ರಗಳಲ್ಲಿ ಮತ್ತೆ ಮತ್ತೆ ಬಳಸಿದರು. ೨೦೦೦ದ ಜನವರಿ ಒಂದರಂದು, ಹೊಸ ಸಹಸ್ರಮಾನವನ್ನು ಸ್ವಾಗತಿಸಿದ ಬಾಣಬಿರುಸುಗಳ ಹೊಗೆ ಕರಗಿದಾಗ, ಸಿಡ್ನಿ ಬಂದರಿನ ಸೇತುವೆಯ ಮೇಲೆ ದೀಪಗಳಲ್ಲಿ ಬೆಳಗಿ ನಿಂತದ್ದು ಆ ಜಾಡಮಾಲಿಯ ಕೈಬರಹದ ಆ ಒಂದೇ ಪದ. ಅದೇ ವರ್ಷದ ಒಲಿಂಪಿಕ್ ಕ್ರೀಡೆಗಳ ಉದ್ಘಾಟನೆಯಲ್ಲಿಯೂ ಅದು ಕಾಣಿಸಿಕೊಂಡಿತು. ಆ ಸೇತುವೆ ಸಂಚಾರಕ್ಕೆ ತೆರೆದದ್ದು ೧೯೩೨ರ ಮಾರ್ಚಿಯಲ್ಲಿ. ಸ್ಟೇಸ್ ಮೊದಲ ಪದ ಬರೆದದ್ದು ಅದೇ ವರ್ಷದ ನವೆಂಬರಿನಲ್ಲಿ. ಬರ್ಟನ್ ಬೀದಿಯ ಪ್ರಾರ್ಥನಾಮಂದಿರವು ಕಾಲಾಂತರದಲ್ಲಿ ನಗರಸಭೆಯ ಕೈಸೇರಿ ೨೦೧೩ರಲ್ಲಿ ನಾಟಕಶಾಲೆಯಾಗಿ ತೆರೆಯಿತು. ಅದಕ್ಕೂ ಆ ಪದವನ್ನೇ ಹೆಸರಾಗಿ ಇಟ್ಟರು. ಆತನನ್ನು ತಡೆಯಬೇಕೆಂದಿದ್ದ ನಗರವೇ ಆತನ ಬರಹವನ್ನು ತನ್ನ ಹಣೆಯ ಮೇಲೆ ಧರಿಸಿತು.

ಇಲ್ಲಿ ನಿಷ್ಪಕ್ಷಪಾತವಾಗಿ ಒಂದು ಮಾತನ್ನು ಹೇಳಬೇಕು. ಸ್ಟೇಸ್ ಆ ಪದದಿಂದ ಉದ್ದೇಶಿಸಿದ್ದು ಒಂದು ಎಚ್ಚರಿಕೆ. ಸತ್ತ ಮೇಲೆ ಆತ್ಮದ ಗತಿಯೇನೆಂದು ಯೋಚಿಸಿ, ತನ್ನ ಮತದ ಮಾರ್ಗಕ್ಕೆ ಬನ್ನಿರೆಂಬುದು ಆತನ ಹೃದ್ಗತ. ಸೇತುವೆಯ ಮೇಲೆ ಅದನ್ನು ಕಂಡು ಹರ್ಷೋದ್ಗಾರ ಮಾಡಿದ ಲಕ್ಷಾಂತರ ಜನರಲ್ಲಿ ಬಹುಮಂದಿಗೆ ಆ ಅರ್ಥ ಹೊಳೆದಿರಲಾರದು. ಅವರಿಗೆ ಅದು ತಮ್ಮ ನಗರದ ಅಭಿಮಾನದ ಗುರುತು, ಹೊಸ ಕಾಲಕ್ಕೆ ಶುಭಾಶಯ. ಹಾಗಾದರೆ ಪದ ಉಳಿದು ಅರ್ಥ ಹೋಯಿತೇ? ಅಶೋಕನ ಬಂಡೆಗೆ ಆದದ್ದೇ ಇದಕ್ಕೂ ಆಯಿತೇ? ನಮಗೆ ಹಾಗೆ ತೋರುವುದಿಲ್ಲ. ಜನರು ಆ ಪದದ ಜೊತೆಗೆ ಆತನ ಕಥೆಯನ್ನೂ ಹೇಳಿಕೊಳ್ಳುತ್ತಾರೆ. ಬಿದ್ದವನೊಬ್ಬನು ಎದ್ದನು, ಎದ್ದ ಮೇಲೆ ಕೀರ್ತಿಯನ್ನು ಬಯಸದೆ ಮೂವತ್ತೈದು ವರ್ಷ ಒಂದು ಕೆಲಸ ಮಾಡಿದನು ಎಂಬುದು ಆ ಅಕ್ಷರಗಳನ್ನು ಬಿಟ್ಟು ಬೇರೆಯಾಗುವುದಿಲ್ಲ. ಆತನ ಮತವನ್ನು ಒಪ್ಪದವರಿಗೂ ಆತನ ಬದುಕು ಅರ್ಥವಾಗುತ್ತದೆ.

ಈಗ ಮತ್ತೆ ಕೊಪ್ಪಳದ ಬೆಟ್ಟಕ್ಕೆ ಬರೋಣ. ಚಕ್ರವರ್ತಿಗೂ ಜಾಡಮಾಲಿಗೂ ಎಲ್ಲಿಯ ಹೋಲಿಕೆಯೆಂದು ಯಾರಾದರೂ ಕೇಳಬಹುದು. ಒಬ್ಬನಿಗೆ ರಾಜ್ಯದ ಅಧಿಕಾರಿಗಳೂ, ಕಲ್ಲು ಕೊರೆಯುವ ಲಿಪಿಕಾರರೂ ಇದ್ದರು. ಬ್ರಹ್ಮಗಿರಿಯಲ್ಲಿ ಬರೆದವನು ಚಪಡನೆಂದು ಶಾಸನದ ಕೊನೆಯಲ್ಲಿಯೇ ಇದೆ. ಆ ಲಿಪಿಕಾರನು ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ದೂರದ ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಇನ್ನೊಬ್ಬನಿಗೆ ಇದ್ದದ್ದು ಕಿಸೆಯೊಳಗಿನ ಒಂದು ತುಂಡು ಸುಣ್ಣ. ಆದರೆ ಇಬ್ಬರ ಬರಹವೂ ಹುಟ್ಟಿದ್ದು ಪಶ್ಚಾತ್ತಾಪದಿಂದ. ಕಳಿಂಗದಲ್ಲಿ ತನ್ನಿಂದ ಸತ್ತವರ, ಸೆರೆಯಾದವರ ಲೆಕ್ಕವನ್ನು ತಾನೇ ಹೇಳಿ, ಅದಕ್ಕಾಗಿ ವ್ಯಥೆಪಟ್ಟ ಅರಸನನ್ನು ಜಗತ್ತಿನ ಇತಿಹಾಸದಲ್ಲಿ ಹುಡುಕಿದರೂ ಹೆಚ್ಚಾಗಿ ಕಾಣೆವು. ತನ್ನ ನಡೆಯನ್ನು ತಿದ್ದಿಕೊಂಡ ಮೇಲೆ ಆತನು ನುಡಿಯನ್ನು ಬಂಡೆಯ ಮೇಲೆ ಬರೆಯಿಸಿದನು. ಸ್ಟೇಸನೂ ಮೊದಲು ಹೆಂಡದ ಬಟ್ಟಲನ್ನು ಕೆಳಗಿಟ್ಟನು. ಎರಡು ವರ್ಷಗಳ ಬಳಿಕ ಸೀಮೆಸುಣ್ಣವನ್ನು ಕೈಗೆತ್ತಿಕೊಂಡನು. ಈ ಕ್ರಮವನ್ನು ವಾಚಕರು ಗಮನಿಸಬೇಕು. ನಡೆ ಮುಂದು, ನುಡಿ ಹಿಂದು. ನಮ್ಮ ಶರಣರು ಒತ್ತಿ ಹೇಳಿದ ಮಾತೂ ಇದೇ ಆಗಿರುವುದರಿಂದ ಇದನ್ನು ವಿಸ್ತರಿಸುವ ಅಗತ್ಯವಿಲ್ಲ.

ಹಾಗೆಯೇ ಇಬ್ಬರ ಬರಹಗಳ ಗತಿಯಲ್ಲಿರುವ ವ್ಯತ್ಯಾಸವೂ ನಮಗೆ ಪಾಠ ಹೇಳುತ್ತದೆ. ಅಶೋಕನ ಮಾತನ್ನು ಗೊತ್ತಾದ ದಿನ ಓದಿ ಹೇಳುವವರು ಇರುವ ತನಕ ಬಂಡೆ ಮಾತನಾಡಿತು. ಅವರು ಇಲ್ಲವಾದಾಗ ಮೂಕವಾಯಿತು. ಸ್ಟೇಸನ ಮಾತು ಅಳಿದಷ್ಟು ಸಲವೂ ಆತನು ಮತ್ತೆ ಬಗ್ಗಿ ಬರೆದನು. ಆತನು ಹೋದ ಮೇಲೆ ಬೇರೆಯವರು ಅದನ್ನು ಎತ್ತಿಕೊಂಡರು. ನಿತ್ಯವೆಂಬ ಪದವನ್ನು ಅತ್ಯಂತ ಅನಿತ್ಯವಾದ ವಸ್ತುವಿನಲ್ಲಿ ಬರೆದವನ ಮಾತು ಉಳಿದದ್ದು ಹೀಗೆ. ಬೀದಿಯಲ್ಲಿ ಬರೆದ ಮಾತನ್ನು ಕಲ್ಲೂ ಉಳಿಸದು, ಬಣ್ಣವೂ ಉಳಿಸದು. ದಿನದಿನವೂ ಅದನ್ನು ಹೊಸದು ಮಾಡುವ ಮನುಷ್ಯರು ಉಳಿಸಬೇಕು.

ಇಷ್ಟನ್ನು ಬರೆದ ಮೇಲೆ ನಮ್ಮ ಗೋಡೆಗಳ ಕಡೆಗೂ ಒಮ್ಮೆ ನೋಡದಿದ್ದರೆ ಅದು ಆತ್ಮವಂಚನೆಯಾದೀತು. ಇಂದು ನಮ್ಮ ನಾಡಿನಲ್ಲಿ ಸದ್ವಾಕ್ಯಗಳಿಗೆ ಬರವಿಲ್ಲ. ಶಾಲೆಯ ಆವಾರದ ಗೋಡೆ, ಬಸ್ ನಿಲ್ದಾಣ, ಆಸ್ಪತ್ರೆ, ಕೆರೆಯ ಏರಿ, ಎಲ್ಲೆಲ್ಲಿಯೂ ನೀತಿಮಾತುಗಳಿವೆ. ನಮ್ಮ ಮಠದಲ್ಲಿಯೂ ಇವೆ. ನಾವು ಬಾಲಕರಾಗಿ ಪ್ರಸಾದನಿಲಯದಲ್ಲಿದ್ದಾಗ ಊಟದ ಪಡಸಾಲೆಯ ಗೋಡೆಯ ಮೇಲೆ, ಪ್ರಸಾದವನ್ನು ಚೆಲ್ಲಬಾರದೆಂಬ ಒಂದು ಸಾಲನ್ನು ಕೆಮ್ಮಣ್ಣಿನಿಂದ ಬರೆದಿದ್ದರು. ಅಕ್ಷರಗಳು ಸೊಟ್ಟಗಿದ್ದವು, ಅರ್ಧ ಮಾಸಿಯೂ ಹೋಗಿದ್ದವು. ಲಿಂಗೈಕ್ಯ ಹಿರಿಯ ಗುರುಗಳು ಆಗಾಗ ನಮ್ಮ ಪಂಕ್ತಿಯಲ್ಲಿಯೇ ಕುಳಿತು ಪ್ರಸಾದ ಸ್ವೀಕರಿಸುತ್ತಿದ್ದರು. ಕೊನೆಯಲ್ಲಿ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿದು ಏಳುತ್ತಿದ್ದರು. ಒಂದು ಮಾತನ್ನೂ ಆಡುತ್ತಿರಲಿಲ್ಲ. ಅಂದು ಅಲ್ಲಿ ಉಂಡ ಹುಡುಗರಲ್ಲಿ ಯಾರೂ ಒಂದು ಅಗುಳನ್ನು ಬಿಟ್ಟದ್ದು ನಮಗೆ ನೆನಪಿಲ್ಲ. ಆ ಹುಡುಗರಲ್ಲಿ ಹಲವರು ಈಗ ಈ ಪತ್ರಿಕೆಯ ವಾಚಕರಾಗಿದ್ದಾರೆ. ಅವರಿಗೆ ಇದು ನೆನಪಿರಬೇಕು.

ಈಗ ಅದೇ ಪ್ರಸಾದನಿಲಯಕ್ಕೆ ವಿಶಾಲವಾದ ಹೊಸ ಪಡಸಾಲೆಯಾಗಿದೆ. ಅದೇ ಸಾಲನ್ನು ಎಣ್ಣೆಬಣ್ಣದಲ್ಲಿ, ಆಳೆತ್ತರದ ಅಕ್ಷರಗಳಲ್ಲಿ ಬರೆಯಿಸಿದ್ದೇವೆ. ಕೆಳಗೆ ದಾನಿಗಳ ಹೆಸರು ಇನ್ನೂ ದಪ್ಪನಾದ ಅಕ್ಷರಗಳಲ್ಲಿದೆ. ಕಳೆದ ತಿಂಗಳು ನಾವು ಹಿಂದಿನ ಬಾಗಿಲಿನಿಂದ ಹೋದಾಗ, ಉಳಿದ ಅನ್ನದಿಂದ ತುಂಬಿದ್ದ ಎರಡು ದೊಡ್ಡ ಬಕೀಟುಗಳನ್ನು ಕಂಡೆವು. ಇದಕ್ಕೆ ಹುಡುಗರನ್ನು ದೂರುವುದಿಲ್ಲ. ಉದಾರಿಗಳಾದ ದಾನಿಗಳನ್ನಂತೂ ದೂರುವ ಮಾತೇ ಇಲ್ಲ. ಹಿರಿಯ ಗುರುಗಳು ಕುಳಿತುಕೊಳ್ಳುತ್ತಿದ್ದ ಸ್ಥಳದಲ್ಲಿ ನಾವು ಕುಳಿತು ಎಷ್ಟು ವರ್ಷವಾಯಿತೆಂದು ನಮ್ಮನ್ನು ನಾವೇ ಕೇಳಿಕೊಂಡೆವು. ಓಡಾಟ, ಸಭೆ, ಸಮಾರಂಭಗಳ ನೆಪ ಹೇಳಬಹುದು. ಆದರೆ ಆ ಗೋಡೆಯ ಮಾತು ಮೂಕವಾದದ್ದಕ್ಕೆ ಹೊಣೆ ಯಾರದೆಂಬುದು ನಮಗೆ ಅಂದೇ ತಿಳಿಯಿತು.

ಆದುದರಿಂದ ಗೋಡೆಗಳ ಮೇಲೆ ಒಳ್ಳೆಯ ಮಾತು ಬರೆಯಿಸುವ ಉತ್ಸಾಹವಿರುವ ಭಕ್ತಮಹಾಶಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಬರೆಯಿಸಿರಿ, ಸಂತೋಷ. ಆದರೆ ಒಂದು ಊರಿಗೆ ನೂರು ಮಾತು ಬೇಡ. ನೀವು ಈಗಾಗಲೇ ನಡೆಯುತ್ತಿರುವ ಮಾತೊಂದನ್ನು ಆರಿಸಿಕೊಳ್ಳಿರಿ. ಅದರ ಕೆಳಗೆ ಹೆಸರು ಬೇಡ. ಬಣ್ಣ ಮಾಸಿದಾಗ ಮತ್ತೆ ಬರೆಯುವ ಹೊಣೆಯನ್ನು ನೀವೇ ಹೊತ್ತುಕೊಳ್ಳಿರಿ. ನಮ್ಮ ಮಠದ ಮಟ್ಟಿಗೆ ಹೇಳುವುದಾದರೆ, ಬರುವ ಶ್ರಾವಣಕ್ಕೆ ಮೊದಲು ಪಡಸಾಲೆಗೆ ಸುಣ್ಣ ಬಳಿಯುವಾಗ ದಾನಿಗಳ ಒಪ್ಪಿಗೆ ಪಡೆದು ಹೆಸರುಗಳನ್ನು ತೆಗೆದು, ಆ ಒಂದು ಸಾಲನ್ನು ಮಾತ್ರ ಕೆಮ್ಮಣ್ಣಿನಲ್ಲಿ ಬರೆಯಿಸುವುದೆಂದು ನಿಶ್ಚಯಿಸಿದ್ದೇವೆ. ವಾರಕ್ಕೆ ಎರಡು ದಿನವಾದರೂ ಹುಡುಗರ ಪಂಕ್ತಿಯಲ್ಲಿ ನಾವೂ ಕುಳಿತುಕೊಳ್ಳುತ್ತೇವೆ. ಹಿಂದೆ ಇಲ್ಲಿ ಓದಿಹೋದವರು ಊರಿಗೆ ಬಂದಾಗ ತಮ್ಮ ಹಳೆಯ ತಾಣದಲ್ಲಿ ಬಂದು ಕುಳಿತರೆ ಅದೇ ನಮಗೆ ಪರಮಸಂತೋಷ.